ತಾನೇ ತಿರುಗುವ ತಾರೀಖು

ನಮ್ಮ ದೊಡ್ಡಪ್ಪ ತರೀಕೆರೆಯ ಒಂದು ಕಚೇರಿಯಲ್ಲಿ ಗುಮಾಸ್ತರಾಗಿದ್ದಷ್ಟು ಕಾಲವೂ ಬೆಳಗ್ಗೆ ಕುರ್ಚಿಯಲ್ಲಿ ಕೂರುವ ಮೊದಲು ತಪ್ಪದೆ ಮಾಡುತ್ತಿದ್ದ ಕೆಲಸ ಒಂದೇ: ತಾರೀಖಿನ ಸೀಲಿನ ರಬ್ಬರ್ ಚಕ್ರ ತಿರುಗಿಸುವುದು. ಬೇರೆಯವರು ದೇವರ ಪಟಕ್ಕೆ ಕೈ ಮುಗಿಯುವ ಹೊತ್ತಿನಲ್ಲಿ ಇವರು ಚಕ್ರ ತಿರುಗಿಸುತ್ತಿದ್ದರಂತೆ. ಒಮ್ಮೆ ಇವರು ರಜಾ ಹಾಕಿದ ದಿನ ಪಕ್ಕದ ಮೇಜಿನವರು ಅದನ್ನು ಮರೆತು, ಬಂದ ಕಾಗದಕ್ಕೆಲ್ಲ ನಿನ್ನೆಯ ತಾರೀಖು ಬಿತ್ತಂತೆ. "ಒಂದಿನ ನಾನಿಲ್ದಿದ್ದಕ್ಕೆ ತಾಲ್ಲೂಕೇ ಒಂದಿನ ಹಿಂದಕ್ಕೆ ಹೋಯ್ತು ಕಣೋ" ಎಂದು, ನಾನು ಅವರ ಮನೆಯಲ್ಲಿ ಬೆಳೆಯುತ್ತಿದ್ದ ಕಾಲದಿಂದಲೂ ಹೇಳುತ್ತಾ ಬಂದಿದ್ದಾರೆ. ತಾಲ್ಲೂಕು ಅದಕ್ಕಿಂತ ಎಷ್ಟೋ ಹಿಂದೆ ಇತ್ತು ಅನ್ನುವುದು ಬೇರೆ ಮಾತು.

ನಿವೃತ್ತಿಯಾಗಿ ಅಜ್ಜಂಪುರದ ಆಚೆಯ ನಮ್ಮ ಹಳ್ಳಿಗೆ ಬಂದ ಮೇಲೆ ಅವರಿಗೆ ತಿರುಗಿಸಲು ಏನೂ ಉಳಿಯಲಿಲ್ಲ. ಒಂದಷ್ಟು ದಿನ ಕ್ಯಾಲೆಂಡರಿನ ಹಾಳೆ ಹರಿದರು. ಅದು ಸಾಲದೆ ಒಂದು ಹಳೇ ಲ್ಯಾಪ್‌ಟಾಪ್ ಕೊಂಡು, ಕಡೂರಿನ ಕಂಪ್ಯೂಟರ್ ಸೆಂಟರಿಗೆ ಸೇರಿ, ಮೊಮ್ಮಕ್ಕಳ ವಯಸ್ಸಿನವರ ನಡುವೆ ಕೂತು ಕನ್ನಡ ಟೈಪಿಂಗ್ ಕಲಿತರು. ಕಲಿತರು ಅಂದರೆ, ಎರಡೇ ಬೆರಳಿನಲ್ಲಿ, ಅಕ್ಷರಕ್ಕೊಂದು ಸಲ ಕನ್ನಡಕ ಮೇಲೆ ಕೆಳಗೆ ಮಾಡುತ್ತಾ. ಅವರ ಒಂದು ಅರ್ಜಿ ಮುಗಿಯುವಷ್ಟರಲ್ಲಿ ದೊಡ್ಡಮ್ಮ ಮುದ್ದೆ ಕಟ್ಟಿ, ಸಾರು ಕುದಿಸಿ, ಅದು ಆರಿ, ಮತ್ತೆ ಬಿಸಿ ಮಾಡಿಯೂ ಆಗಿರುತ್ತಿತ್ತು.

ಯಂತ್ರದ ಮೇಲೆ ಅವರಿಗಿದ್ದ ದೊಡ್ಡ ತಕರಾರು ತಾರೀಖಿನದ್ದು. ಇನ್ಸರ್ಟ್ ಒತ್ತಿ, ಡೇಟ್ ಅಂಡ್ ಟೈಮ್ ಒತ್ತಿದರೆ ಒಂದು ಪಟ್ಟಿ ಬಿಚ್ಚಿಕೊಳ್ಳುತ್ತದಲ್ಲ, ಅದರ ಮೊದಲ ಸಾಲಿನಲ್ಲೇ ತಿಂಗಳು ಮುಂದೆ, ದಿನ ಹಿಂದೆ.

"ಇದೇನೋ ಇದು? ಅಂಗಿ ಮೇಲೆ ಬನೀನು ಹಾಕ್ಕೊಂಡಂಗಿದೆ!"

"ಅಮೆರಿಕದೋರ ಪದ್ಧತಿ ದೊಡ್ಡಪ್ಪ."

"ಅವ್ರು ಬೇಕಾದ್ರೆ ಹಾಕ್ಕೊಳ್ಲಿ. ನಾವು ಹೆಂಗೆ ಬರೀತಿದ್ವಿ ಗೊತ್ತಾ? ತಾರೀಖು ಇಷ್ಟನೇ ಮಾಹೆ ಇಂಥಾದ್ದು, ಇಸವಿ ಇಂಥಾದ್ದು. ಕಾಗದಕ್ಕೆ ಪೇಟ ಕಟ್ಟಿದಂಗಿರೋದು."

ಯಂತ್ರಕ್ಕೆ ಪೇಟ ಕಟ್ಟಲು ಬರುತ್ತಿರಲಿಲ್ಲ. ಪಟ್ಟಿಯ ಭಾಷೆಯನ್ನು ಕನ್ನಡಕ್ಕೆ ತಿರುಗಿಸಿದಾಗ ವಾರ, ದಿನ, ತಿಂಗಳ ಹೆಸರು, ಇಸವಿ ಎಲ್ಲ ಸಾಲಾಗಿ ನಿಂತ ಒಂದು ರೂಪ ಸಿಕ್ಕಿತು. ಪೇಟ ಇಲ್ಲದಿದ್ದರೆ ಬೇಡ, ತಲೆಯಾದರೂ ಬಾಚಿಕೊಂಡಿದೆ ಎಂದು ಒಪ್ಪಿದರು.

ಅದೇ ಪೆಟ್ಟಿಗೆಯ ಮೂಲೆಯಲ್ಲಿ ಟಿಕ್ ಹಾಕುವ ಒಂದು ಸಣ್ಣ ಚೌಕ ಇದೆ: ತಾರೀಖು ತಾನಾಗಿಯೇ ಬದಲಾಗುತ್ತಿರಲಿ ಅನ್ನುವುದಕ್ಕೆ. ಅದರ ಅರ್ಥವನ್ನು ಸೆಂಟರಿನ ಮೇಡಂ ಹತ್ತಿರ ಕೇಳಿಕೊಂಡು ಬಂದ ದಿನ ದೊಡ್ಡಪ್ಪನ ಮುಖ ನೋಡಬೇಕಿತ್ತು.

"ಲೇ, ತಾನೇ ತಿರುಗೋ ಸೀಲು ಕಣೇ ಇದು! ಯಾವನೂ ಮರೆಯಂಗೇ ಇಲ್ಲ!"

ದೊಡ್ಡಮ್ಮ ಒಲೆಯ ಮುಂದಿನಿಂದಲೇ, "ಹಂಗಾರೆ ನಿಮ್ಮ ಇಡೀ ಸರ್ವೀಸು ಆ ಒಂದು ಟಿಕ್ಕಿಗೆ ಸಮ ಅನ್ನಿ" ಅಂದಳು.

ದೊಡ್ಡಪ್ಪನಿಗೆ ಅದು ಕೇಳಿಸಲಿಲ್ಲ. ಬೇಡವಾದ್ದು ಕೇಳಿಸದಿರುವುದನ್ನು ಅವರು ಕಚೇರಿಯಲ್ಲೇ ಕಲಿತಿದ್ದರು. ಸೀಲು ತಾನೇ ತಿರುಗುತ್ತದೆ, ಸರಿ. ಕಾಗದಕ್ಕೆ ಒತ್ತಿ ಆದ ಮೇಲೂ ಅದು ತಿರುಗುತ್ತಲೇ ಇರುತ್ತದೆ ಅನ್ನುವುದು ಮಾತ್ರ ಅವರ ತಲೆಗೆ ಹೋಗಲಿಲ್ಲ.

ಇಷ್ಟರಲ್ಲಿ ನಮ್ಮೂರ ಮೇಲೆ ಬೀರೂರಿಗೆ ಹೋಗುತ್ತಿದ್ದ ಬೆಳಗಿನ ಬಸ್ಸು ನಿಂತುಹೋಯಿತು. ಯಾಕೆ ಅಂದರೆ ಯಾರಿಗೂ ಗೊತ್ತಿಲ್ಲ. ಊರಿಗೆ ಅದು ಹತ್ತು ದಿನದ ಮಾತು, ಆಮೇಲೆ ಎಲ್ಲರೂ ಬೈಕು ಹತ್ತಿದರು. ಪೇಚಿಗೆ ಬಿದ್ದವಳು ದೊಡ್ಡಮ್ಮ. ಬೀರೂರಿನಲ್ಲಿ ಅವಳ ಅಕ್ಕ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದರು. ಆ ವಯಸ್ಸಿಗೂ ಅವರದು ಮಂಡಿ ಮುಟ್ಟುವ ಕೂದಲು. ದೊಡ್ಡಮ್ಮ ಪ್ರತಿ ಗುರುವಾರ ಆ ಬಸ್ಸಿನಲ್ಲಿ ಹೋಗಿ, ಅಕ್ಕನ ತಲೆಗೆ ಎಣ್ಣೆ ಹಚ್ಚಿ, ಸಿಕ್ಕು ಬಿಡಿಸಿ, ಹೆರಳು ಹಾಕಿ ಬರುತ್ತಿದ್ದಳು. ಬೇರೆ ಯಾರ ಕೈಗೂ ಅಕ್ಕ ತಲೆ ಕೊಡುತ್ತಿರಲಿಲ್ಲ. ರೈಲಿಗೆ ಹೋಗೋಣವೆಂದರೆ ದೊಡ್ಡಮ್ಮನ ಮಂಡಿಗೆ ಸ್ಟೇಷನ್ನಿನ ಮೆಟ್ಟಿಲು ಆಗದು, ಬೈಕಿನ ಹಿಂದೆ ಕೂರು ಅಂದರೆ ಕೂತವರನ್ನೆಲ್ಲ ಬಿಟ್ಟು ಬಿದ್ದವರ ಹೆಸರಷ್ಟೇ ಹೇಳುತ್ತಾಳೆ. ಅತ್ತ ಅಕ್ಕನ ಸೊಸೆ ಫೋನಿನಲ್ಲಿ, "ಚಿಕ್ಕತ್ತೆ, ಗಂಟಾಗ್ತಾ ಇದೆ. ಗಿಡ್ಡ ಮಾಡಿಸ್ಬಿಡ್ತೀವಿ" ಅನ್ನುವುದಕ್ಕೆ ಶುರು ಮಾಡಿದಳು. ಪಾಪ, ಅವಳದೂ ತಪ್ಪಲ್ಲ.

"ಅಳಬೇಡ ಕಣೇ, ಅರ್ಜಿ ಹಾಕ್ತೀನಿ" ಎಂದು ದೊಡ್ಡಪ್ಪ ಲ್ಯಾಪ್‌ಟಾಪ್ ತೆರೆದರು. ದೊಡ್ಡಮ್ಮ ಅಳುತ್ತಿರಲಿಲ್ಲ, ಈರುಳ್ಳಿ ಹೆಚ್ಚುತ್ತಿದ್ದಳು.

ಒಂದೇ ಸಲ ಕೂತು ಕಡೂರಿನ ಸಾರಿಗೆ ಸಾಹೇಬರಿಗೆ ಅರ್ಜಿಯನ್ನೂ ಬರೆದರು, ಮೊದಲನೇ ನೆನಪೋಲೆಯನ್ನೂ ಬರೆದರು, ಎರಡನೆಯದನ್ನೂ ಮೂರನೆಯದನ್ನೂ ಬರೆದರು. ಅರ್ಜಿಯೇ ಹೋಗಿಲ್ಲ, ಆಗಲೇ ಯಾಕೆ ನೆನಪೋಲೆ ಎಂದು ಕೇಳಿದೆ.

"ಅವ್ರು ಜವಾಬು ಕೊಡಲ್ಲ ಕಣೋ. ನಾನು ಕೊಡ್ತಿದ್ನಾ? ತಿಂಗಳಿಗೊಂದು ತೆಗ್ದು, ಪ್ರಿಂಟ್ ಹೊಡ್ಸಿ, ಸೈನ್ ಹಾಕಿ ಕಳ್ಸೋದಷ್ಟೇ. ಮೇಲಿನ ತಾರೀಖು ಅದೇ ಬದಲಾಗುತ್ತೆ."

ಬದಲಾಯಿತು. ಮೇಲಿನದೂ ಬದಲಾಯಿತು, ಕೆಳಗಿನದೂ ಬದಲಾಯಿತು. 'ಇಂಥ ತಾರೀಖಿನ ನನ್ನ ಅರ್ಜಿ' ಅನ್ನುವ ಕಡೆಯಲ್ಲೂ ದೊಡ್ಡಪ್ಪ ಅದೇ ಟಿಕ್ ಹಾಕಿದ ತಾರೀಖನ್ನೇ ಕೂರಿಸಿದ್ದರು. ಪ್ರಿಂಟ್ ಹೊಡೆಸಿದವರು ಓದಿ ನೋಡಬೇಕಲ್ಲ? ತಾವೇ ಬರೆದದ್ದನ್ನು ತಾವೇ ಓದುವುದು ಅವರ ಘನತೆಗೆ ಕಮ್ಮಿ. ಅರ್ಜಿ ಹೋಯಿತು, ತಿಂಗಳಿಗೊಂದರಂತೆ ಮೂರೂ ನೆನಪೋಲೆಗಳೂ ಹೋದವು. ಜವಾಬು ಬರಲಿಲ್ಲ. ದೊಡ್ಡಪ್ಪನಿಗೆ ಒಳಗೊಳಗೇ ಸಂತೋಷ, ತಾನು ಹೇಳಿದಂತೆಯೇ ಆಯಿತಲ್ಲ ಎಂದು.

ಅತ್ತ ಸೊಸೆ, ಬರುವ ವಾರ ಕತ್ತರಿಸುವುದೇ ಸೈ ಅಂದಳು. ಆಗ ಕಾರು ಮಾಡಿಕೊಂಡು ಮೂವರೂ ಕಡೂರಿಗೆ ಹೊರಟೆವು. ಮೊದಲು ಕಚೇರಿ, ಬರುತ್ತಾ ಬೀರೂರು ಎಂದು ದೊಡ್ಡಪ್ಪನ ಹುಕುಂ. ವಾರವಾರವೂ ಕಾರು ಮಾಡಲು ನಾವೇನು ಶಾಸಕರ ಮನೆಯವರಲ್ಲ, ಬಸ್ಸಿನ ಮಾತು ಇವತ್ತೇ ತೀರಬೇಕು. ದೊಡ್ಡಪ್ಪನ ತೊಡೆಯ ಮೇಲೆ ಲ್ಯಾಪ್‌ಟಾಪು, ದೊಡ್ಡಮ್ಮನ ತೊಡೆಯ ಮೇಲೆ ಎಣ್ಣೆ ಶೀಷೆ, ಬಾಚಣಿಗೆ ಇದ್ದ ಚೀಲ.

ಸಾಹೇಬರು ಚಿಕ್ಕ ವಯಸ್ಸಿನವರು, ಮರ್ಯಾದೆಯಿಂದಲೇ ಕೂರಿಸಿದರು. ಫೈಲು ತಂದ ಗುಮಾಸ್ತೆ ನಗು ತಡೆದುಕೊಳ್ಳುತ್ತಿದ್ದಳು. ಸಾಹೇಬರು ಓದಿದರು, ಇನ್ನೊಮ್ಮೆ ಓದಿದರು.

"ಯಜಮಾನ್ರೇ, ಸೋಮವಾರ ಅರ್ಜಿ ಕೊಟ್ಟೆ, ಬಹಳ ಕಾಲ ಕಾದೆ, ಉತ್ತರ ಬರಲಿಲ್ಲ ಅಂತ ಅದೇ ಸೋಮವಾರ ನೆನಪೋಲೆ ಬರ್ದಿದೀರಲ್ಲ?"

"ಎಲ್ಲಿ?"

"ಇದ್ರಲ್ಲಿ. ಇನ್ನೊಂದ್ರಲ್ಲೂ ಹಂಗೇ. ನಿಮಗೆ ಬಾಳ ಅರ್ಜೆಂಟು ಅಂತ ಕಾಣುತ್ತೆ. ಆ ತಾರೀಖುಗಳಲ್ಲಿ ನಮ್ಮಲ್ಲಿ ಯಾವ ಅರ್ಜಿನೂ ಬಂದಿಲ್ಲ. ಹುಡುಕಿ ಹುಡುಕಿ ಸಾಕಾಯ್ತು."

ಮೊದಲ ಅರ್ಜಿ ಅವರ ಫೈಲಿನಲ್ಲಿ ಇರಲೇ ಇಲ್ಲ. ಎಲ್ಲಿಗೆ ಹೋಯಿತೆಂದು ಕೇಳಿದರೆ ಗುಮಾಸ್ತೆ ಫ್ಯಾನು ನೋಡಿದಳು. ದೊಡ್ಡಪ್ಪ ಮೀಸೆ ತಿರುವಿ, "ಕಾಪಿ ಇಟ್ಟಿದೀನಿ ಸ್ವಾಮಿ, ನಾನೂ ಕಚೇರಿ ಕಂಡವನೇ" ಎಂದು ಲ್ಯಾಪ್‌ಟಾಪ್ ತೆರೆದರು. ಅರ್ಜಿ ಬಂತು. ಅದರ ನೆತ್ತಿಯ ಮೇಲೆ, ವಾರದ ಹೆಸರಿನ ಸಮೇತ, ಅಚ್ಚಗನ್ನಡದಲ್ಲಿ, ಆ ದಿನದ ತಾರೀಖು.

"ಇವತ್ತು ಬರ್ದಿದ್ದಾ?" ಅಂದರು ಸಾಹೇಬರು.

ದೊಡ್ಡಪ್ಪ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ತಾರೀಖು ಅಲ್ಲೇ ಇತ್ತು.

ಗುಮಾಸ್ತೆ ಇದೇ ಸಮಯ ಎಂದು, "ಹಂಗೂ ನಾವು ಹೋದ ತಿಂಗಳೇ ಹಿಂಬರಹ ಕಳಿಸಿದೀವಿ ಸರ್. ಉಲ್ಲೇಖಿತ ಅರ್ಜಿ ಸಿಕ್ಕಿರೋದಿಲ್ಲ ಅಂತ" ಅಂದಳು.

"ನಮಗೆ ಬಂದಿಲ್ವಲ್ಲಮ್ಮ" ಅಂದೆ ನಾನು.

"ಬಂದಿಲ್ಲ ಅಂದ್ರೆ? ಕಾಪಿ ತೋರಿಸ್ತೀನಿ ಬನ್ನಿ" ಎಂದು ತನ್ನ ಕಂಪ್ಯೂಟರ್ ನಮ್ಮ ಕಡೆ ತಿರುಗಿಸಿ, ಫೈಲು ತೆರೆದಳು. ತೆರೆದವಳು ಮತ್ತೆ ಫ್ಯಾನು ನೋಡಿದಳು. ಹೋದ ತಿಂಗಳು ಕಳಿಸಿದ ಹಿಂಬರಹದ ಮೇಲೂ ಆ ದಿನದ್ದೇ ತಾರೀಖು. ಅಲ್ಲೂ ಯಾರೋ ಪುಣ್ಯಾತ್ಮರು ಅದೇ ಟಿಕ್ ಹಾಕಿದ್ದರು.

ಅಷ್ಟು ಹೊತ್ತೂ ಚೀಲ ತಬ್ಬಿಕೊಂಡು ಕೂತಿದ್ದ ದೊಡ್ಡಮ್ಮ ಬಾಯಿ ತೆಗೆದಳು.

"ಇದೊಳ್ಳೇದಾಯ್ತಲ್ಲಪ್ಪ. ನಾವು ಅರ್ಜಿ ಕೊಟ್ಟಿದ್ದೂ ಇವತ್ತೇ, ನೀವು ಜವಾಬು ಕೊಟ್ಟಿದ್ದೂ ಇವತ್ತೇ. ಇಬ್ರದ್ದೂ ಬಾಳ ಚುರುಕು. ಅಂಗೇ ಬಸ್ಸೂ ಇವತ್ತೇ ಬಿಟ್ಬಿಡಿ. ನಮ್ಮಕ್ಕನ ತಲೆ ಮಾತ್ರ ಮೂರು ತಿಂಗಳಿಂದ ಗಂಟಾಗ್ತಾ ಇದೆ, ಅದಕ್ಕೆ ಟಿಕ್ಕು ಹಾಕೋರು ಯಾರೂ ಇಲ್ಲ ನೋಡಿ."

ಸಾಹೇಬರು ಒಂದು ಬಿಳಿ ಹಾಳೆ ಕೊಟ್ಟು, "ಕೈಯಲ್ಲೇ ಬರ್ಕೊಡಿ ಯಜಮಾನ್ರೇ, ನಾನೇ ನೋಡ್ತೀನಿ" ಅಂದರು. ದೊಡ್ಡಪ್ಪ ಬರೆದರು, ಮಾಹೆ, ಇಸವಿ, ಪೇಟ ಎಲ್ಲ ಕಟ್ಟಿ. ಗುಮಾಸ್ತೆ ಸೀಲು ತಂದಾಗ ಇಸಿದುಕೊಂಡು ತಲೆಕೆಳಗು ಮಾಡಿ ಚಕ್ರ ನೋಡಿದರು. ತಾರೀಖು ಸರಿಯಾಗಿಯೇ ಇತ್ತು. ಅವರಿಗೆ ಅದೇ ಬೇಸರ.

ಬೀರೂರಿಗೆ ಹೋದಾಗ ಸೊಸೆ ಕತ್ತರಿ ತೆಗೆದಿಟ್ಟಿದ್ದಳು. ದೊಡ್ಡಮ್ಮ ಅದನ್ನು ಮಂಚದ ಕೆಳಗೆ ತಳ್ಳಿ ಅಕ್ಕನ ತಲೆ ಹಿಡಿದು ಕೂತಳು. ಮಧ್ಯಾಹ್ನವಿಡೀ ಬಿಡಿಸಿದರೂ ತುದಿಯ ಒಂದು ಗೇಣು ಬಿಡಲಿಲ್ಲ. ಕೊನೆಗೆ ಮಂಚದ ಕೆಳಗೆ ತಾನೇ ಕೈ ಹಾಕಿ, ಕತ್ತರಿ ತೆಗೆದುಕೊಂಡಳು. ಅಕ್ಕ, "ನೀನಾದ್ರೆ ಕತ್ತರಿಸ್ಕೋ" ಅಂದು ಗೋಡೆಯ ಕಡೆ ತಿರುಗಿದರು. ವಾಪಸು ಬರುವಾಗ ಕಾರಿನಲ್ಲಿ ದೊಡ್ಡಮ್ಮ ಆಡಿದ ಮಾತು ಒಂದೇ: "ಒಂದು ಗೇಣು ಹೋಯ್ತು ಕಣ್ರೀ, ನಿಮ್ಮ ಟಿಕ್ಕಿಗೆ." ಈ ಸಲ ದೊಡ್ಡಪ್ಪನಿಗೆ ಕೇಳಿಸಿತು.

ಕೆಲವು ವಾರಗಳಾದ ಮೇಲೆ ಬಸ್ಸು ಮತ್ತೆ ಬಂತು. ಮೊದಲ ಗುರುವಾರ ದೊಡ್ಡಪ್ಪ ಇಸ್ತ್ರಿ ಅಂಗಿ ಹಾಕಿಕೊಂಡು ಬಸ್‌ಸ್ಟಾಪಿಗೆ ಬಂದರು. ಕಂಡಕ್ಟರಿಗೆ ಫುಟ್‌ಬೋರ್ಡಿನ ಹತ್ತಿರವೇ, ಈ ಬಸ್ಸು ಹೇಗೆ ತಮ್ಮ ಅರ್ಜಿಯಿಂದ ಬಂತು, ಕಾಗದ ಬರೆದರೆ ಹೇಗೆ ಬರೆಯಬೇಕು ಎಂದು ಶುರು ಮಾಡಿದರು. ಒಳಗೆ ಕಿಟಕಿಯ ಪಕ್ಕ ಎಣ್ಣೆ ಶೀಷೆಯ ಚೀಲ ಇಟ್ಟುಕೊಂಡು ಕೂತಿದ್ದ ದೊಡ್ಡಮ್ಮ ತಲೆ ಹೊರಗೆ ಹಾಕಿದಳು.

"ಏನ್ರೀ, ಬಿಡ್ರೀ ಅವ್ರನ್ನ, ಬಸ್ ಹೊರಡ್ಲಿ. ನೀವು ಹೇಳಿ ಮುಗ್ಸೋ ಹೊತ್ತಿಗೆ ತಾರೀಖು ಬದಲಾಗುತ್ತೆ."