ಅತ್ತಿಗೆ ಕೇಳಿದ ಪಿಸುಪೊ ಅನ್ನ

ಲೆಪೇಕಾ ಮೊಯೆಲಾಂಗಿಯ ಹೆಸರನ್ನು ಮೊದಲು ಕೇಳಿದ್ದು ತಾನು ಇಯೊಪುವಿನ ಜೊತೆ ಓಡಿಬಂದ ದಿನ. ಬಸ್ಸಿನಲ್ಲಿ ಜಾಗವಿಲ್ಲದೆ ಯಾರೋ ಮುದುಕಿಯ ತೊಡೆಯ ಮೇಲೆ ಕೂತಿದ್ದಳು. ಇಯೊಪು ಬಗ್ಗಿ ಹೇಳಿದ.

"ಅಮ್ಮ ಬೈದ್ರೆ ಬೈಲಿ. ಅಪ್ಪ ಹೊಡೆದ್ರೆ ನನಗೆ ಹೊಡೀತಾನೆ. ಆದ್ರೆ ಮೊಯೆಲಾಂಗಿ ಅಕ್ಕ ಏನಾದ್ರೂ ಕೇಳಿದ್ರೆ ಮಾತ್ರ ಇಲ್ಲ ಅನ್ಬೇಡ."

"ಅಂದ್ರೆ ಏನಾಗುತ್ತೆ?"

ಉತ್ತರ ಕೊಟ್ಟವಳು ಮುದುಕಿ. "ಅಕ್ಕ ನೊಂದ್ಕೊಂಡ್ರೆ ತಮ್ಮನ ವಂಶ ಒಣಗುತ್ತೆ ಮಗಳೇ. ಇಷ್ಟೂ ಗೊತ್ತಿಲ್ದೆ ಓಡಿಬಂದ್ಯಾ?" ಬಸ್ಸಿಗೆ ಬಸ್ಸೇ ನಕ್ಕಿತು.

ಅತ್ತಿಗೆ ಮೊಯೆಲಾಂಗಿ ಆಗ ಕಡಲಾಚೆಯ ಪಾಗೊಪಾಗೊ ಪಟ್ಟಣದಲ್ಲಿದ್ದಳು. ಮೀನಿನ ಕಾರ್ಖಾನೆಯಲ್ಲಿ ನಿಂತೇ ಇಪ್ಪತ್ತೆರಡು ವರ್ಷ ಮೀನು ಸೀಳಿದಳು. ವರ್ಷಕ್ಕೆರಡು ಸಲ ಹಡಗಿನಲ್ಲಿ ಪಿಸುಪೊ ಪೆಟ್ಟಿಗೆ ಬರುತ್ತಿತ್ತು, ಡಬ್ಬಿಯಲ್ಲಿ ತುಂಬಿದ ದನದ ಮಾಂಸ. ಜೊತೆಗೊಂದು ಚೀಟಿ: 'ಮೀನು ಕಂಡರೆ ನನಗೆ ವಾಕರಿಕೆ. ನೀವಾದರೂ ಮಾಂಸ ತಿನ್ನಿ.' ಲೆಪೇಕಾಗೆ ಐದು ಮಕ್ಕಳಾದವು. ಐದೂ ಅತ್ತಿಗೆಯ ಮನಸ್ಸು ತಂಪಾಗಿದ್ದರಿಂದಲೇ ಹುಟ್ಟಿದವು ಎಂದು ಅವಳು ನಂಬಿದ್ದಳು.

ಇಯೊಪು ತೀರಿಕೊಂಡಾಗ ಮಣ್ಣಿಗೆ ಬಂದ ಮೊಯೆಲಾಂಗಿ ಮತ್ತೆ ಹೋಗಲಿಲ್ಲ. ಮೀನು ಸೀಳಿ ಸೀಳಿ ಅವಳ ಬೆರಳುಗಳು ಏಡಿಯ ಕಾಲಿನಂತೆ ಮಡಚಿ ನಿಂತಿದ್ದವು. ಏನನ್ನೂ ಹಿಡಿಯಲಾರವು, ತಿರುಚಲಾರವು. "ಚರ್ಚಲ್ಲಿ ಕೈ ಜೋಡಿಸ್ಬೇಕಂದ್ರೆ ದೇವರೇ ಇಳಿದು ಬರಬೇಕು ಕಣೇ" ಎಂದು ತಾನೇ ನಗುತ್ತಿದ್ದಳು. ಆಮೇಲೆ ಸಕ್ಕರೆ ಕಾಯಿಲೆ ಕಾಣಿಸಿಕೊಂಡಿತು. ಅದರ ಹಿಂದೆಯೇ ಕಿಡ್ನಿ ಸೋತಿತು.

ಮನೆಗೆ ಬಂದ ನರ್ಸ್ ಅತ್ತಿಗೆಯ ಊದಿದ ಕಾಲನ್ನು ಒತ್ತಿ ನೋಡಿ, ರೋಗಿಗೆ ಹೇಳದೆ ಲೆಪೇಕಾಳನ್ನು ಹೊರಗೆ ಕರೆದಳು. "ಉಪ್ಪು ಬೇಡ, ಕೊಬ್ಬು ಬೇಡ. ಪಿಸುಪೊ ಅಂತೂ ಮುಟ್ಟಿಸಲೇಬೇಡಿ. ಎದೆಗೆ ನೀರು ತುಂಬಿ ಉಸಿರು ಕಟ್ಟುತ್ತೆ. ಅವರು ಕೇಳೇ ಕೇಳ್ತಾರೆ. ಇಲ್ಲ ಅನ್ನೋದು ನಿಮ್ಮ ಕೈಲಿದೆ."

ಒಂದು ತಿಂಗಳು ಸಪ್ಪೆ ಕೆಸುವಿನ ಗೆಡ್ಡೆ ತಿಂದ ಮೊಯೆಲಾಂಗಿ ಒಂದು ಶನಿವಾರ ಕೇಳಿಯೇಬಿಟ್ಟಳು. "ಲೆಪೇಕಾ, ಪಿಸುಪೊ ಅನ್ನ ಮಾಡೇ."

ಲೆಪೇಕಾ ಹೂಂ ಎಂದಳು. ಹಿತ್ತಲಲ್ಲಿ ಕೂತು ಅರ್ಧ ಡಬ್ಬಿ ಮಾಂಸವನ್ನು ಮೂರು ನೀರಲ್ಲಿ ಕುದಿಸಿ, ತೇಲಿದ ಕೊಬ್ಬನ್ನೆಲ್ಲ ಹಂದಿಗೆ ಚೆಲ್ಲಿ, ರಾಶಿ ಕೋಸು ಬೆರೆಸಿದಳು. ಅನ್ನಕ್ಕೆ ನೀರುನೀರಾದ ತೆಂಗಿನ ಹಾಲು ಹಾಕಿದಳು. ಎಲೆ ಮುಂದಿಟ್ಟು, ಎಂದಿನಂತೆ ಬೀಸಣಿಗೆಯಿಂದ ನೊಣ ಓಡಿಸುತ್ತ ಕೂತಳು. ಅತ್ತಿಗೆ ಉಂಡ ಮೇಲೇ ಅವಳ ಊಟ.

ಮೊಯೆಲಾಂಗಿ ಒಂದು ತುತ್ತು ಬಾಯಿಗಿಟ್ಟಳು. "ಹೊಳೇಲಿ ಮುಳುಗಿ ಸತ್ತ ದನವೇನೇ ಇದು?"

ಲೆಪೇಕಾಗೆ ನಗು ಬಂತು, ನಗುವಿನ ಹಿಂದೆಯೇ ಅಳು. ಅತ್ತಿಗೆ ಬೈಯಲಿಲ್ಲ. ಎಲೆಯನ್ನು ಸರಿಸಿ ಗೋಡೆಯ ಕಡೆ ತಿರುಗಿ ಮಲಗಿದಳು. ಭಾನುವಾರ ಏನೂ ತಿನ್ನಲಿಲ್ಲ. ಸೋಮವಾರ ಬೆಳಿಗ್ಗೆ ಎದ್ದು ಕೂತಳು.

"ಹೊಸ ಡಬ್ಬಿ ತಗೊಂಡ್ಬಾ. ನನ್ನೆದುರಿಗೇ ತೆಗಿ."

"ಅತ್ತಿಗೆ, ನರ್ಸ್ ಹೇಳಿದಾರೆ..."

"ನರ್ಸ್ ಯಾರಿಗೆ ಅಕ್ಕ ಕಣೇ?"

ಲೆಪೇಕಾ ಕಾಲಿನ ಊತ ನೋಡಿದಳು. ಅಂಗಳದಲ್ಲಿ ಆಡುತ್ತಿದ್ದ ಮೊಮ್ಮಕ್ಕಳನ್ನು ನೋಡಿದಳು. ಕೊಟ್ಟರೆ ಅತ್ತಿಗೆ ಉಳಿಯುವುದಿಲ್ಲ. ಕೊಡದಿದ್ದರೆ ಅವಳ ನೋವು ಆ ಮಕ್ಕಳ ತಲೆಯ ಮೇಲೆ. ಕೇಳೋಣವೆಂದರೆ ಇಯೊಪು ಮಣ್ಣಿನಡಿ ಮಲಗಿದ್ದ. ಕೊನೆಗೆ ಮಂಚದ ಕೆಳಗಿನಿಂದ ಡಬ್ಬಿ ಎಳೆದು, ಅದಕ್ಕೇ ಅಂಟಿಸಿದ್ದ ಪುಟ್ಟ ಕೀಲಿಯನ್ನು ತಗಡಿನ ಅಂಚಿಗೆ ಸಿಕ್ಕಿಸಿ ಬಲವಾಗಿ ಹಿಡಿದು ತಿರುಚಿದಳು. ತಗಡು ಸುರುಳಿಯಾಗಿ ಬಿಚ್ಚಿಕೊಂಡಿತು, ಒಳಗೆ ಬೆಳ್ಳಗೆ ಹೆಪ್ಪುಗಟ್ಟಿದ ಕೊಬ್ಬು. ಅದರಲ್ಲೇ ಈರುಳ್ಳಿ ಹುರಿದು ಮಾಂಸ ಮುರಿದು ಹಾಕಿದಳು. ಅನ್ನಕ್ಕೆ ಗಟ್ಟಿ ತೆಂಗಿನ ಹಾಲು ಸುರಿದಳು. ಒಲೆಯ ಮುಂದೆ ಅವಳಿಗೇ ಬಾಯಲ್ಲಿ ನೀರೂರಿತು. ಅದಕ್ಕೆ ನಾಚಿಕೆಯೂ ಆಯಿತು.

ಮೊಯೆಲಾಂಗಿ ಮಡಚಿದ ಬೆರಳುಗಳ ಬೆನ್ನಿನಿಂದ ಬಾಚಿ ಬಾಚಿ, ಒಂದು ಅಗುಳೂ ಬಿಡದೆ ಉಂಡಳು. ಲೆಪೇಕಾ ಬೋಗುಣಿಯಲ್ಲಿ ನೀರು ತಂದು ಆ ಬೆರಳುಗಳನ್ನು ಒಂದೊಂದಾಗಿ ತೊಳೆದು ಒರೆಸುತ್ತಿದ್ದಳು. ಅತ್ತಿಗೆ ಅವಳಲ್ಲಿ ಕೊನೆಯದಾಗಿ ಒಂದು ಮಾತು ಕೇಳಿಕೊಂಡದ್ದು ಆಗಲೇ. ಖಾಲಿ ಡಬ್ಬಿಯ ಕಡೆ ಗದ್ದ ಚಾಚಿ ಮೆಲ್ಲಗೆ ಹೇಳಿದಳು.

"ನರ್ಸ್ ಬಂದ್ರೆ, ಡಬ್ಬಿ ಅತ್ತಿಗೇನೇ ತೆಗೆದ್ಲು ಅನ್ನು."