ಚಾಚಾನಿಗೆ ಕೊಡಬೇಕಿದ್ದ ಕಂತು

ಅವರ ಹವಾಯಿ ಚಪ್ಪಲಿಗಳಲ್ಲಿ ಒಂದರ ಪಟ್ಟಿ ನೀಲಿ, ಇನ್ನೊಂದರದು ಹಸಿರು. ಹಿಮ್ಮಡಿಯ ಹತ್ತಿರ ಅಡಿ ಸವೆದು ರಟ್ಟಿನಷ್ಟು ತೆಳ್ಳಗಾಗಿತ್ತು. ಗಂಟೆ ಬಾರಿಸಲು ಶಾಲೆಯ ಕಟ್ಟೆ ಹತ್ತಿದಾಗ ಎಲ್ಲರ ಕಣ್ಣು ಮೊದಲು ಆ ಎರಡು ಬಣ್ಣದ ಕಾಲುಗಳ ಮೇಲೆ ಬೀಳುತ್ತಿತ್ತು. ಆ ಶಾಲೆಗೆ ಪಾಠ ಮಾಡಲು ಹೋದ ಹೊಸದರಲ್ಲಿ ನಾನು ಅದನ್ನು ನೋಡಿ ನಕ್ಕುಬಿಟ್ಟಿದ್ದೆ. ಅವರೇನೂ ಬೇಸರ ಮಾಡಿಕೊಳ್ಳಲಿಲ್ಲ. “ಹರದದ್ದು ಪಟ್ಟಿ ಅಷ್ಟರಿ ಅಕ್ಕಾರ. ಅದಕ್ಕ ಇಡೀ ಚಪ್ಲಿ ಯಾಕ ಒಗೀಬೇಕು?” ಎಂದು ಕೇಳಿ ಮತ್ತೆ ಗಂಟೆ ಬಾರಿಸಲು ಹೋದರು.

ಸವಣೂರಿನಿಂದ ಯಲವಿಗಿ ಕಡೆ ಹೋಗುವ ದಾರಿಯಲ್ಲಿ ಒಂದು ಹಳ್ಳಿ, ಅಲ್ಲಿಯ ಸರಕಾರಿ ಹೈಸ್ಕೂಲು. ನಾನು ಗಣಿತದ ಶಿಕ್ಷಕಿ, ನಮ್ಮ ಕಡೆಯ ಮಾತಿನಲ್ಲಿ ಅಕ್ಕಾರು; ಅವರು ಗಂಟೆ ಬಾರಿಸುವ ಸಿಪಾಯಿ. ಹೆಡ್‌ಮಾಸ್ತರರಿಂದ ಹಿಡಿದು ಎಂಟನೇ ತರಗತಿಯ ಹುಡುಗಿಯರ ತನಕ ಎಲ್ಲರಿಗೂ ಅವರು ಚಾಚಾ. ಸವಣೂರಿನ ಹಳೆಯ ಓಣಿಯೊಂದರಲ್ಲಿ ತಗಡಿನ ಮನೆ, ಮನೆಯಲ್ಲಿ ಚಾಚಿ, ಹುಬ್ಬಳ್ಳಿಯ ಗ್ಯಾರೇಜಿನಲ್ಲಿ ಕೆಲಸ ಮಾಡುವ ಒಬ್ಬ ಮಗ. ದಿನವೂ ಸೈಕಲ್ಲಿನಲ್ಲಿ ಬಂದು ನಮಗಿಂತ ಅರ್ಧ ತಾಸು ಮೊದಲೇ ಬಾಗಿಲು ತೆಗೆದಿಡುತ್ತಿದ್ದರು. ಬೋರ್ಡಿನ ಮೇಲೆ ಬರೆದು ಉಳಿದ ಸಣ್ಣ ಸಣ್ಣ ಖಡುವಿನ ತುಂಡುಗಳನ್ನು ಆರಿಸಿ ಡಬ್ಬಿಯಲ್ಲಿ ಕೂಡಿಸುತ್ತಿದ್ದರು. ಹೊಸ ಖಡು ಕೇಳಿದರೆ ಮೊದಲು ಡಬ್ಬಿ ಮುಂದೆ ಬರುತ್ತಿತ್ತು.

ನೌಕರಿ ಸಿಕ್ಕ ಮೊದಲ ವರ್ಷಗಳಲ್ಲಿ ನನಗೆ ಕಣ್ಣು ನೆತ್ತಿಗೇರಿತ್ತು. ಅಪ್ಪ ತೀರಿಕೊಂಡ ಮೇಲೆ ಅವ್ವ ಕೈ ಬಿಗಿಹಿಡಿದು ನಮ್ಮನ್ನು ಬೆಳೆಸಿದ್ದಳು. ಆ ಬಿಗಿಯನ್ನೆಲ್ಲ ನಾನು ಒಂದೇ ಸಲಕ್ಕೆ ಸಡಿಲಿಸಿದೆ. ತಂಗಿಯ ಮದುವೆಯನ್ನು ಶಿಗ್ಗಾವಿಯಲ್ಲಿ ನಾಲ್ಕು ಮಂದಿ ಹೊಗಳುವಂತೆ ಮಾಡಲು ಬ್ಯಾಂಕಿನಿಂದ ಪರ್ಸನಲ್ ಲೋನ್ ತೆಗೆದೆ. ಅದರ ಬೆನ್ನಿಗೆ ಸ್ಕೂಟಿಯ ಕಂತು, ಫ್ರಿಜ್ಜಿನ ಕಂತು. ಸಂಬಳ ಸಾಲದಾದಾಗ ಫೋನಿನಲ್ಲೇ ಸಾಲ ಕೊಡುವ ಆ್ಯಪು, ಆ ಆ್ಯಪಿನ ಸಾಲಕ್ಕೆ ಮತ್ತೊಂದು ಆ್ಯಪು. ಇಷ್ಟೆಲ್ಲ ಮಾಡಿಕೊಂಡವಳು ಬೆಳಗ್ಗೆ ಎದ್ದು ಮಕ್ಕಳಿಗೆ ಚಕ್ರಬಡ್ಡಿಯ ಲೆಕ್ಕ ಕಲಿಸುತ್ತಿದ್ದೆ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

ಕಡೆಗೆ ಆ ಆ್ಯಪಿನವರು ನನ್ನ ಫೋನಿನಲ್ಲಿದ್ದ ನಂಬರುಗಳಿಗೆಲ್ಲ ಕರೆ ಮಾಡಲು ಶುರುಮಾಡಿದರು. ಒಂದು ದಿನ ಖಡು ತರಲೆಂದು ತರಗತಿಯಿಂದ ಹೊರಗೆ ಬಂದಾಗ ವರಾಂಡದಲ್ಲಿ ಚಾಚಾ ಫೋನಿನಲ್ಲಿ ಮಾತಾಡುವುದು ಕೇಳಿತು.

“ಹೌದ್ರಿ, ಗೊತ್ತು. ನಮ್ಮ ಗಣಿತದ ಅಕ್ಕಾರು. ಎಲ್ಲಿಗೂ ಓಡಿ ಹೋಗಿಲ್ರಿ, ಪಾಠ ಮಾಡಾಕತ್ತಾರ. ನೀವು ರೊಕ್ಕ ಕೊಟ್ಟೀರಿ, ಅವರು ತಿರುಗಿ ಕೊಡ್ತಾರ. ಆದ್ರ ಬಾಯಿ ಹೊಲಸ ಮಾಡಬ್ಯಾಡ್ರಿ, ಇದು ಶಾಲಿ ಐತಿ.”

ನಾನು ಗೋಡೆಗೆ ಆತು ನಿಂತುಬಿಟ್ಟೆ. ಅವರು ಫೋನನ್ನು ಜೇಬಿಗೆ ಹಾಕಿ, ನನ್ನನ್ನು ನೋಡಿ, ಏನೂ ಆಗಿಲ್ಲದವರಂತೆ ಖಡುವಿನ ಡಬ್ಬಿ ಚಾಚಿದರು. ಮಧ್ಯಾಹ್ನದ ಬಿಡುವಿನಲ್ಲಿ ಹತ್ತಿರ ಬಂದು ಮೆಲ್ಲಗೆ ಕೇಳಿದರು: “ಎಷ್ಟ ಕಡೆ ಅದಾವ್ರಿ ಅಕ್ಕಾರ?”

ಅವ್ವನಿಗೂ ಹೇಳದಿದ್ದುದನ್ನು ಅವರ ಮುಂದೆ ಹೇಳಿದೆ. ಅವರು ಬುದ್ಧಿ ಹೇಳಲಿಲ್ಲ. ತಮ್ಮನ ಲಾರಿಯ ಸಾಲವನ್ನು ಮೈಮೇಲೆ ಹಾಕಿಕೊಂಡು ಹನ್ನೊಂದು ವರ್ಷ ತೀರಿಸಿದವರು ಅವರು. “ನೀರಿನ ಕೊಡಕ್ಕ ಏಳ ತೂತ ಬಿದ್ರ ಏಳ ಕೈ ಎಲ್ಲಿಂದ ತರ್ತೀರಿ? ಎಲ್ಲಾ ಕೂಡಿಸಿ ಒಂದ ಕಡೆ ಮಾಡ್ಕೋರಿ. ನೌಕರರ ಸಂಘದಾಗ ಬಡ್ಡಿ ಕಡಿಮಿ ಐತಿ,” ಎಂದರು.

ಸಂಘದಲ್ಲಿ ಸಾಲ ಸಿಗಬೇಕಾದರೆ ನೌಕರಿ ಖಾಯಂ ಆದ ಒಬ್ಬರು ಜಾಮೀನು ನಿಲ್ಲಬೇಕು. ಸ್ಟಾಫ್ ರೂಮಿನಲ್ಲಿ ಒಬ್ಬೊಬ್ಬರನ್ನಾಗಿ ಕೇಳಿದೆ. “ಮನ್ಯಾಗ ಕೇಳಿ ಹೇಳ್ತೇನ್ರಿ” ಎಂದವರು ಮರುದಿನ ಆ ಮಾತೇ ಎತ್ತಲಿಲ್ಲ. ಅವರದೂ ತಪ್ಪಲ್ಲ, ಜಾಮೀನು ನಿಂತು ಸುಟ್ಟುಕೊಂಡವರ ಕತೆ ಪ್ರತಿ ಶಾಲೆಯಲ್ಲೂ ಒಂದಿರುತ್ತದೆ. ಮೂರನೇ ದಿನ ಚಾಚಾ ತಮ್ಮ ಫೋಟೊ, ಸಂಬಳದ ಸರ್ಟಿಫಿಕೇಟು ಹಿಡಿದುಕೊಂಡು ಬಂದರು. “ನಡೀರಿ, ನಾ ಸಹಿ ಮಾಡ್ತೇನಿ.” ನನ್ನ ಸಂಬಳದ ಅರ್ಧವೂ ಇಲ್ಲದ ಸಿಪಾಯಿ ನನಗೆ ಜಾಮೀನು ನಿಲ್ಲುವುದೆಂದರೆ ನನಗೆ ನೆಲ ಬಾಯಿ ತೆರೆಯಬಾರದೇ ಎನ್ನಿಸಿತು. ಬೇಡವೆನ್ನುವಷ್ಟು ಸ್ವಾಭಿಮಾನ ಆಗ ಉಳಿದಿರಲಿಲ್ಲ.

ಸಂಘದ ಕ್ಲಾರ್ಕು ಅರ್ಜಿ ನೋಡಿ ಪೆನ್ನು ಕೆಳಗಿಟ್ಟರು. “ಚಾಚಾ, ನಿಮ್ಮ ನಿವೃತ್ತಿಗೆ ಇನ್ನ ಎರಡ ವರ್ಷ ಅಷ್ಟ ಐತಿ. ಅಷ್ಟರಾಗ ಅಕ್ಕಾರು ತೀರಿಸಲಿಲ್ಲಂದ್ರ ನಿಮಗ ಬರೂ ರೊಕ್ಕ ತಡೀತಾರ ನೋಡ್ರಿ.”

ಆ ರೊಕ್ಕ ಯಾತಕ್ಕೆಂದು ಇಡೀ ಶಾಲೆಗೆ ಗೊತ್ತಿತ್ತು. ಮೂವತ್ತು ಮಳೆಗಾಲ ತಗಡಿನ ಕೆಳಗೆ ಬೋಗುಣಿ ಇಟ್ಟು ಕಳೆದ ಚಾಚಿಗೆ ಒಂದು ಸ್ಲ್ಯಾಬು ಹಾಕಿಸಿಕೊಡಬೇಕೆಂಬುದು ಅವರ ಆಸೆ. ಚಾಚಾ “ತೀರಸ್ತಾರ” ಎಂದು ಸಹಿ ಮಾಡಿದರು. ಹೊರಗೆ ಬಂದ ಮೇಲೆ ನನ್ನ ಕಣ್ಣು ತುಂಬಿತು. “ಅಳಬ್ಯಾಡ್ರಿ ಅಕ್ಕಾರ, ಸ್ಕೂಟಿ ಮಾರ್ರಿ. ಸರಕಾರದ ಬಸ್ಸಿಗೆ ಪಾಸ್ ಸಿಗತೈತಿ, ನೀವು ಪೆಟ್ರೋಲ್ ಸುಟಗೋಂತ ಬರ್ತೀರಿ,” ಎಂದರು.

ಸ್ಕೂಟಿ ಮಾರಿದೆ. ಗಿರಾಕಿಯನ್ನೂ ಅವರೇ ಹುಡುಕಿ ತಂದರು. ಅಲ್ಲಿಂದ ಎರಡು ವರ್ಷ ನಾನು ಅವರ ಶಾಲೆಯ ವಿದ್ಯಾರ್ಥಿನಿ. ಸಂತೆಗೆ ಹೊತ್ತು ಇಳಿದ ಮೇಲೆ ಹೋಗಬೇಕು, ಆಗ ಬದನೆಕಾಯಿಯವರು ತೂಕ ಬಿಟ್ಟು ರಾಶಿ ಹಾಕಿ ಗುಂಪಿಯ ಲೆಕ್ಕದಲ್ಲಿ ಅಗ್ಗಕ್ಕೆ ಕೊಡುತ್ತಾರೆ. ಸಾಮಾನಿಗೆ ಫೋನಿನಿಂದ ರೊಕ್ಕ ಕೊಡಬಾರದು: “ಫೋನ್ ಒತ್ತಿದ್ರ ರೊಕ್ಕ ಹೋದದ್ದು ಕೈಗೆ ಗೊತ್ತಾಗಂಗಿಲ್ರಿ. ನೋಟ ಬಿಚ್ಚಿ ಕೊಟ್ರ ಹೊಟ್ಟಿ ಚುರ್ ಅಂತೈತಿ.” ನನಗೆ ಸವಣೂರಿನ ಅಂಗಡಿಗಳ ಕುರುಕಲು ಖಾರಾ ಎಂದರೆ ಪ್ರಾಣ. ಇನ್ನು ಮೇಲೆ ಅದನ್ನೂ ಮುಟ್ಟುವುದಿಲ್ಲ ಎಂದು ಶಪಥ ಮಾಡಿದಾಗ ಅವರೇ ತಡೆದರು. “ಖಾರಾ ಬಿಡಬ್ಯಾಡ್ರಿ. ಹತ್ತ ರೂಪಾಯಿದು ತಗೊಂಡು ತಿನ್ರಿ. ಎಲ್ಲಾ ಬಿಟ್ಟವ ಒಂದ ದಿನಾ ಎಲ್ಲಾ ತಿಂತಾನ.”

ಸ್ಟಾಫ್ ರೂಮಿನಲ್ಲಿ ತಿಂಗಳಿಗಿಷ್ಟೆಂದು ಎಲ್ಲರೂ ಕೂಡಿ ಹಾಕಿ ಚಹಾ ತರಿಸುತ್ತಿದ್ದೆವು. ಅದರಿಂದಲೂ ಹಿಂದೆ ಸರಿದೆ. ಯಾರಾದರೂ ಕೇಳಿದರೆ ಎದೆಯುರಿ ಎಂದು ಸುಳ್ಳು ಹೇಳಬೇಕಿತ್ತು. ಎಲ್ಲರೂ ಕಪ್ಪು ಹಿಡಿದು ಹರಟುವಾಗ ನಾನೊಬ್ಬಳೇ ನೋಟ್‌ಬುಕ್ಕು ತಿದ್ದುವ ನಾಟಕ ಮಾಡುತ್ತಿದ್ದೆ. ನಾಲ್ಕನೇ ದಿನಕ್ಕೆ ಚಾಚಾ ಟ್ರೇಯಲ್ಲಿ ನನಗೂ ಒಂದು ಕಪ್ಪು ತಂದಿಟ್ಟರು. ನೋಡಿದರೆ ಬರೀ ಬಿಸಿನೀರು, ಅದರಲ್ಲಿ ಎರಡು ತುಳಸಿ ಎಲೆ, ಜಜ್ಜಿದ ಶುಂಠಿ. “ಕೈಯಾಗ ಕಪ್ಪಿದ್ರ ಯಾರೂ ಏನೂ ಕೇಳಂಗಿಲ್ರಿ,” ಎಂದು ಕಿವಿಯಲ್ಲಿ ಹೇಳಿ ಹೋದರು. ಹದಿನೈದು ದಿನದೊಳಗೆ ಹೆಡ್‌ಮಾಸ್ತರರು ತಮಗೂ ಅಕ್ಕಾರ ಕಷಾಯವೇ ಬೇಕೆಂದು ಹಟ ಹಿಡಿದರು. ಆ ಎರಡು ವರ್ಷದಲ್ಲಿ ನಾನು ಹೊಟ್ಟೆ ತುಂಬ ನಕ್ಕ ದಿನ ಅದು.

ಇಷ್ಟಾದರೂ ಒಮ್ಮೆ ಜಾರಿದೆ. ಶಾಲೆಯ ವಾರ್ಷಿಕೋತ್ಸವದ ಗ್ಯಾದರಿಂಗಿಗೆ ನಾಲ್ವರು ಶಿಕ್ಷಕಿಯರೂ ಒಂದೇ ಬಣ್ಣದ ರೇಷ್ಮೆ ಸೀರೆ ಉಡಬೇಕೆಂದು ಉಳಿದ ಮೂವರು ನಿಶ್ಚಯಿಸಿದರು. ನನ್ನಿಂದಾಗದು ಎನ್ನಲು ನಾಲಿಗೆ ಏಳಲಿಲ್ಲ. ಸಂಘಕ್ಕೆ ಕಟ್ಟಬೇಕಾದ ಆ ತಿಂಗಳ ಕಂತು ಸೀರೆಯಾಯಿತು. ಗ್ಯಾದರಿಂಗಿನ ದಿನ ಕುರ್ಚಿ ಹೊರುತ್ತಿದ್ದ ಚಾಚಾ ನಿಂತು ನೋಡಿ, “ಸೀರಿ ಚಲೋ ಐತ್ರಿ ಅಕ್ಕಾರ,” ಎಂದರು. ಅವರಿಗೆ ಗೊತ್ತಾಗಿದೆ ಎಂದು ನನಗೆ ಗೊತ್ತಾಯಿತು.

ಕಂತು ಕಟ್ಟುವ ಗಡುವಾದ ಹತ್ತನೇ ತಾರೀಕು ದಾಟಿತು. ನಾನು ಚಾಚಾನಿಗೆ ಮುಖ ತಪ್ಪಿಸಲು ಶುರುಮಾಡಿದೆ. ಅವರು ವರಾಂಡದಲ್ಲಿದ್ದರೆ ಹಿಂದಿನ ಬಾಗಿಲಿನಿಂದ ತರಗತಿಗೆ ಹೋಗುತ್ತಿದ್ದೆ. ಕಷಾಯದ ಕಪ್ಪು ಬಂದರೆ ತಲೆ ಎತ್ತುತ್ತಿರಲಿಲ್ಲ. ಮೂರನೇ ವಾರ ಇದ್ದಷ್ಟು ಕಟ್ಟೋಣವೆಂದು ಧೈರ್ಯ ಮಾಡಿ ಸಂಘಕ್ಕೆ ಹೋದರೆ, “ಚಾಚಾ ಆಗಲೇ ಬಂದು ಪೂರ್ತಿ ಕಟ್ಟಿ ಹೋಗ್ಯಾರಲ್ರಿ,” ಎಂದರು ಕ್ಲಾರ್ಕು.

ಮರುದಿನ ಅವರು ಶಾಲೆಯ ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ ಎದುರು ನಿಂತೆ. ಯಾಕೆ ಕಟ್ಟಿದಿರಿ, ನನಗೊಂದು ಮಾತು ಯಾಕೆ ಹೇಳಲಿಲ್ಲ ಎಂದು ಅವರ ಮೇಲೇ ರೇಗಿದೆ. ನಾಚಿಕೆಯಾದಾಗ ನನಗೆ ಮೊದಲು ಬರುವುದು ಸಿಟ್ಟು. ಅವರು ಬೀಗ ತೆಗೆದು, ಕೀಲಿಕೈ ಜೇಬಿಗೆ ಹಾಕಿಕೊಂಡು ಹೇಳಿದರು:

“ಕಂತ ತಪ್ಪಿದ್ರ ನಡೀತೈತ್ರಿ ಅಕ್ಕಾರ, ಮುಂದಿನ ತಿಂಗಳ ಕಟ್ಟಬಹುದು. ಮುಖಾ ತಪ್ಪಿಸಬಾರದು. ಸಾಲ ಮಾಡಿದವ ಎದುರಿಗೆ ಬಂದು ‘ಈ ಸಲ ಆಗಲಿಲ್ಲ’ ಅನಬೇಕು. ಹನ್ನೊಂದ ವರ್ಷ ನಾ ಹಂಗ ಅಂದೇನಿ. ರೊಕ್ಕ ಹೋದ್ರ ಬರ್ತಾವು, ಮಂದಿ ಹೋದ್ರ ಬರಂಗಿಲ್ಲ.”

ಆ ರೊಕ್ಕ ಎಲ್ಲಿಂದ ಬಂತೆಂದು ಎಷ್ಟೋ ದಿನದ ಮೇಲೆ ಚಾಚಿಯಿಂದ ತಿಳಿಯಿತು. ಸುಗ್ಗಿಯಲ್ಲಿ ವರ್ಷಕ್ಕಾಗುವಷ್ಟು ಜೋಳ ಒಮ್ಮೆಲೇ ಕೊಳ್ಳಲು ಇಟ್ಟುಕೊಂಡಿದ್ದ ಹಣ ಅದು. ಆ ವರ್ಷ ಅವರು ಅಂಗಡಿಯಿಂದ ಕಿಲೋಗಟ್ಟಲೆ ತಂದು ಹೆಚ್ಚು ಬೆಲೆಗೆ ತಿಂದರು. ನಾನು ಆ ಸೀರೆಯನ್ನು ಮತ್ತೆ ಉಡಲಿಲ್ಲ.

ಆ ಒಂದು ಕಂತನ್ನು ಮರುತಿಂಗಳೇ ಕೊಡಲು ಹೋದರೆ ಅವರು ತೆಗೆದುಕೊಳ್ಳಲಿಲ್ಲ. “ಮೊದಲ ಸಂಘದ್ದು ಮುಗಸ್ರಿ. ನನ್ನದು ಕಡೀಕ,” ಎಂದರು. ಮುಗಿಸಿದೆ. ಅವರ ನಿವೃತ್ತಿಗೆ ಎರಡು ತಿಂಗಳು ಇರುವಾಗ ಸಾಲ ತೀರಿತೆಂಬ ಸಂಘದ ಬೇಬಾಕಿ ಪತ್ರ ತಂದು ಕೈಗಿಟ್ಟೆ. ಚಾಚಾ ಅದನ್ನು ಅಕ್ಷರ ಅಕ್ಷರ ಕೂಡಿಸಿ ಪೂರ್ತಿ ಓದಿದರು. “ನಾ ಹೇಳಿರಲಿಲ್ಲೇನು, ತೀರಸ್ತಾರ ಅಂತ,” ಎಂದರು. ಅಲ್ಲಿ ನಾವಿಬ್ಬರೇ ಇದ್ದೆವು. ಯಾರಿಗೆ ಹೇಳಿದರೋ.

ನಿವೃತ್ತಿಯ ರೊಕ್ಕ ಬಂತು, ಸ್ಲ್ಯಾಬು ಬಿತ್ತು. ಅದೇ ಹೊತ್ತಿಗೆ ನನಗೆ ಹಿರೇಕೆರೂರು ತಾಲ್ಲೂಕಿಗೆ ವರ್ಗವಾಯಿತು. ಮರುವರ್ಷದ ಮೊದಲ ಮಳೆಗೆ ಫೋನು ಮಾಡಿದರು. “ಅಕ್ಕಾರ, ಇಲ್ಲೆ ಜೋರ ಮಳಿ ಹೊಡ್ಯಾಕತ್ತೈತಿ. ಒಳಗ ಒಂದ ಹನಿ ಇಲ್ರಿ.” ಹಿಂದೆ ಚಾಚಿ ನಗುವುದು ಕೇಳಿಸುತ್ತಿತ್ತು.

ಉಳಿದಿದ್ದ ಆ ಒಂದು ಕಂತು ಕೊಡಲು ನಾನು ಮತ್ತೆ ಮತ್ತೆ ಸವಣೂರಿಗೆ ಹೋದೆ. ಪ್ರತಿ ಸಲವೂ ಅವರ ಹತ್ತಿರ ಒಂದು ನೆಪ. ಒಮ್ಮೆ, “ಗಿಲಾಯಿ ಬಾಕಿ ಐತಿ, ಆವಾಗ ಬೇಕಾಕ್ಕಾವು, ಆವಾಗ ಕೊಡ್ರಿ.” ಗೋಡೆಗೆ ಗಿಲಾಯಿ ಮಾಡುವ ದಿನ ಹೋದರೆ, “ಕೈಯೆಲ್ಲಾ ಸಿಮೆಂಟ್ ಆಗೈತಿ, ರಂಜಾನಕ್ಕ ಬರ್ರಿ.” ರಂಜಾನಿಗೆ ಹೋಗಿ ಸುರಕುಂಬಾ ಕುಡಿದು ಪರ್ಸು ತೆಗೆದರೆ, “ಹಬ್ಬದ ದಿನಾ ಯಾರರ ರೊಕ್ಕ ತಗೋತಾರೇನ್ರಿ?” ನಾನು ಪ್ರತಿ ಸಲ ನಂಬಿದೆ. ಗಣಿತದವಳಾದರೂ ಇಷ್ಟು ಲೆಕ್ಕ ನನಗೆ ಹತ್ತಲಿಲ್ಲ.

ಕಳೆದ ವರ್ಷ ಒಂದು ಬೆಳಗ್ಗೆ ಅವರ ಮಗ ಫೋನು ಮಾಡಿದ. ಎದೆನೋವು ಎಂದು ಕುಳಿತವರು ಏಳಲಿಲ್ಲವಂತೆ. ಬಸ್ಸು ಬದಲಿಸಿ ಬದಲಿಸಿ ನಾನು ಮಧ್ಯಾಹ್ನದ ನಮಾಜಿನ ಹೊತ್ತಿಗೆ ತಲುಪಿದೆ. ಓಣಿ ತುಂಬಿತ್ತು. ಹಳೆಯ ವಿದ್ಯಾರ್ಥಿಗಳು, ಸಂಘದ ಕ್ಲಾರ್ಕು, ಸಂತೆಯ ಕಾಯಿಪಲ್ಲೆಯವರು. ಚಾಚಾನನ್ನು ಎತ್ತುವ ಮೊದಲು ಮಗ ಮನೆಯ ಕಟ್ಟೆಯ ಮೇಲೆ ನಿಂತು ಕೈ ಜೋಡಿಸಿದ. ಅದು ಅವರಲ್ಲಿಯ ಪದ್ಧತಿ. ಮೊದಲು ಉರ್ದುವಿನಲ್ಲಿ, ಆಮೇಲೆ ನಮ್ಮಂಥವರಿಗಾಗಿ ಕನ್ನಡದಲ್ಲಿ ಕೇಳಿದ: “ನಮ್ಮ ಅಬ್ಬಾ ಯಾರಿಗರ ರೊಕ್ಕ ಕೊಡೂದು ಇದ್ರ ಈಗ ಹೇಳ್ರಿ. ನಾ ಕೊಡ್ತೇನಿ.”

ಅವರಿಂದ ಯಾರಿಗೂ ಏನೂ ಬರುವುದಿರಲಿಲ್ಲ. ಹೆಂಗಸರ ನಡುವೆ ನಿಂತಿದ್ದ ನನ್ನ ಪರ್ಸಿನಲ್ಲಿ ಅವರಿಗೆ ಕೊಡಬೇಕಾದ ಹಣವಿತ್ತು. ಅವರಿಗೆ ಯಾರು ಕೊಡಬೇಕು ಎಂದು ಕೇಳುವ ಪದ್ಧತಿ ಇಲ್ಲ. ನಾನು ಅಲ್ಲಿಯೇ ಕೂತು ಅತ್ತೆ.

ನಲವತ್ತು ದಿನ ಕಳೆದ ಮೇಲೆ ಹೋಗಿ ಆ ದುಡ್ಡನ್ನು ಚಾಚಿಯ ಮುಂದಿಟ್ಟೆ. ಬೇಡ ಎನ್ನಬಾರದು, ಅವರು ಇರುವಾಗಲೇ ಕೊಡಬೇಕಿತ್ತು, ಏನಾದರೊಂದು ನೆಪ ಹೇಳುತ್ತಿದ್ದರು ಎಂದೆ. ಚಾಚಿ ಸೆರಗಿನಿಂದ ಮೂಗು ಒರೆಸಿಕೊಂಡರು.

“ನಾನೂ ಬೈದಿದ್ದೆ, ತಗೋಬಾರದೇನು, ಪಾಪ ಅಷ್ಟ ದೂರದಿಂದ ಬರ್ತಾರ ಅಂತ. ಏನಂದ್ರು ಗೊತ್ತೈತೇನ್ರಿ? ಮೂವತ್ತ ವರ್ಷದಾಗ ಎಷ್ಟ ಮಾಸ್ತರು, ಎಷ್ಟ ಅಕ್ಕಾರು ಬಂದ್ರು, ವರ್ಗಾ ಆಗಿ ಹೋದ್ರು. ಸಿಪಾಯಿ ಮನಿಗೆ ತಿರುಗಿ ಬಂದವರು ಇವರೊಬ್ಬರ. ರೊಕ್ಕ ತಗೊಂಡ್ರ ಇವರೂ ಬರೂದ ಬಿಡ್ತಾರ ಅಂದ್ರು.”

ಅವರು ಮೊದಲ ಸಲವೇ ತೆಗೆದುಕೊಂಡಿದ್ದರೆ ಎರಡನೇ ಸಲ ಹೋಗುತ್ತಿದ್ದೆನೇ? ಹೋಗುತ್ತಿದ್ದೆ ಎಂದು ಎದೆ ಮುಟ್ಟಿ ಹೇಳಲು ಇವತ್ತಿಗೂ ನನಗೆ ಆಗುತ್ತಿಲ್ಲ.

ಚಾಚಿ ದುಡ್ಡು ತೆಗೆದುಕೊಂಡರು. ಮನೆಗೆ ಅದರ ಅವಶ್ಯಕತೆ ಇತ್ತು. ಲೆಕ್ಕ ಅಲ್ಲಿಗೆ ಮುಗಿಯಿತು.

ಮುಂದಿನ ತಿಂಗಳು ಒಂದು ರವಿವಾರ ಹಿರೇಕೆರೂರಿನಿಂದ ಬಸ್ಸು ಹತ್ತಿ ಮತ್ತೆ ಹೋದೆ. ಬಾಗಿಲು ತೆಗೆದ ಚಾಚಿ ಗಾಬರಿಯಾಗಿ ನೋಡಿದರು. “ಏನ್ರಿ ಅಕ್ಕಾರ, ಏನರ ಬಾಕಿ ಉಳದಿತ್ತೇನು?”

“ಏನೂ ಇಲ್ರಿ ಚಾಚಿ,” ಎಂದೆ. “ಸುಮ್ನ ಬಂದೇನಿ.”