ಕಣಕಿಯ ಪೊರೆ

"ಕನ್ನಡದಾಗ ಹೇಳ್ರಿ ಮ್ಯಾಡಂ, ತಿಳೀವಲ್ದು," ಎಂದರು ಮನೆಯೊಡತಿ. ನಾನು ಕನ್ನಡದಲ್ಲೇ ಮಾತನಾಡುತ್ತಿದ್ದೆ! ತೊಂಬತ್ತರ ದಶಕದ ಕೊನೆಯ ಮಾತು. ಮೈಸೂರಿನಿಂದ ಸೊಲ್ಲಾಪುರದ ಕಾಲೇಜಿಗೆ ಸಂಶೋಧನೆಗೆಂದು ಬಂದಿಳಿದ ಮೊದಲ ದಿನವೇ ನನ್ನ ನುಡಿ ಹೊರಗಿನದಾಗಿತ್ತು.

ಎಲ್ಲರಂತೆ ನಾನೂ ಅವರನ್ನು ಕಾಕು ಎನ್ನತೊಡಗಿದೆ. ಮರಾಠಿಯಲ್ಲಿ ಚಿಕ್ಕಮ್ಮ ಎಂದರ್ಥ. ನೂಲಿನ ವ್ಯಾಪಾರಿಯಾದ ಅವರ ಗಂಡ, ಕಾಕಾ. ಮೈಸೂರಲ್ಲಿ ಅನ್ನ, ಸಾರು. ಇಲ್ಲಿ ಕಡಕ್ ರೊಟ್ಟಿ, ಶೇಂಗಾ ಚಟ್ನಿ. ಮೊದಮೊದಲು ರೊಟ್ಟಿಯನ್ನು ನೀರಲ್ಲಿ ನೆನೆಸಿ ತಿನ್ನುತ್ತಿದ್ದೆ.

ನನ್ನ ಕೆಲಸಕ್ಕೆ ಬೇಕಾದ ಕಣಕಿ, ಅಂದರೆ ಒಣಗಿದ ಜೋಳದ ದಂಟು, ಅಕ್ಕಲಕೋಟೆ ಬಳಿಯ ಚಪಳಗಾಂವದಿಂದ, ಕಾಕುವಿನ ತವರಿನಿಂದ ಬರುತ್ತಿತ್ತು. ಅದರ ನಾರನ್ನು ಆಮ್ಲದಲ್ಲಿ ಕಾಯಿಸಿ, ಮತ್ತೆ ಮತ್ತೆ ತೊಳೆದರೆ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಎಳೆಗಳು ಉಳಿಯುತ್ತವೆ. ಒಣಗಿಸಿದರೆ ಗಾಜಿನಂಥ ಪೊರೆ. 'ನ್ಯಾನೊ' ಎಂಬ ಮಾತು ನಮ್ಮಲ್ಲಿ ಇನ್ನೂ ಬಳಕೆಗೆ ಬಂದಿರಲಿಲ್ಲ. ಮುಂದೆಂದಾದರೂ ಇದು ಸುಟ್ಟ ಗಾಯಕ್ಕೆ ಹೊದಿಕೆಯಾಗಬಹುದು ಎಂದು ಊಟದ ಹೊತ್ತಿನಲ್ಲಿ ಉತ್ಸಾಹದಿಂದ ಹೇಳಿ, ಒಂದು ತುಂಡು ತಂದು ತೋರಿಸಿಯೂ ಇದ್ದೆ.

ಒಂದು ಬೆಳಿಗ್ಗೆ ಕುದಿಯುವ ಎಣ್ಣೆ ಕಾಕುವಿನ ಮುಂಗೈ ಮೇಲೆ ಚೆಲ್ಲಿತು. ನಾನು ಅವರ ಕೈಯನ್ನು ನಲ್ಲಿಯ ಕೆಳಗೆ ಹಿಡಿದಿದ್ದಾಗ ಕಾಕಾ ಓಡಿಬಂದರು.

"ನಿಮ್ಮ ಆ ಪೊರಿ ತರ್ರಿ, ಲಗೂನ!"

"ಬೇಡ ಕಾಕಾ. ಆಮ್ಲ ಉಳಿದಿರಬಹುದು. ಇನ್ನೂ ಯಾರ ಮೇಲೂ ಪರೀಕ್ಷೆ ಆಗಿಲ್ಲ. ಆಸ್ಪತ್ರೆಗೆ ಹೋಗೋಣ."

"ನಮ್ಮ ಕಣಕಿ ಬೇಕು, ನಮ್ಮ ಕೈ ಬ್ಯಾಡೇನು? ಹೊರಗಿನವ್ರು ಹೊರಗಿನವ್ರ!"

ನಾನು ಕಾಕುವಿನ ಕೈಯನ್ನು ನೀರಿನಡಿಯಿಂದ ತೆಗೆಯಲಿಲ್ಲ. ಕೊಟ್ಟಿದ್ದರೆ ಆ ಗಳಿಗೆ ಅವರಿಗೆ ನಾನು ಮನೆಯವಳೇ ಆಗುತ್ತಿದ್ದೆ. ಆ ಕೈ ಏನಾಗುತ್ತಿತ್ತೋ. ಕಾಕು ಹಲ್ಲು ಕಚ್ಚಿಕೊಂಡು, "ಅವ್ರು ಬ್ಯಾಡಂದ್ರ ಬ್ಯಾಡ. ರಿಕ್ಷಾ ಕರೀರಿ," ಎಂದರು.

ಆಸ್ಪತ್ರೆಯಲ್ಲಿ ಡಾಕ್ಟರು ಏನಾಯಿತೆಂದು ಮರಾಠಿಯಲ್ಲಿ ಕೇಳಿದಾಗ ಕಾಕಾ ಕಾಕುವಿನ ಕೈಯನ್ನೇ ನೋಡುತ್ತ ನಿಂತಿದ್ದರು. "ಗರಮ್ ತೇಲ ಸಾಂಡ್ಲಂ," ಬಿಸಿ ಎಣ್ಣೆ ಚೆಲ್ಲಿತು, ಎಂದವಳು ನಾನು. ಅಲ್ಲಿಯವರೆಗೆ ನನ್ನ ಮರಾಠಿ ತರಕಾರಿ ಸಂತೆಯನ್ನು ದಾಟಿರಲಿಲ್ಲ.

ಗಾಯ ಮಾಯುವವರೆಗೂ ಕಾಕಾ ನನ್ನೊಂದಿಗೆ ಮಾತನಾಡಲಿಲ್ಲ. ಪಟ್ಟಿ ಬಿಚ್ಚಿದ ದಿನ ನನ್ನ ಬಾಗಿಲಿಗೆ ಬಂದು ನಿಂತು, "ಚಪಳಗಾಂವದಿಂದ ಕಣಕಿ ಬಂದದ. ಎಲ್ಲಿ ಇಳಸೂದ್ರಿ?" ಎಂದರು.

ರಜೆಗೆ ನಾನು ಹೊರಟಾಗ ಕಾಕು, "ಮನಿಗಿ ಯಾವಾಗ ಬರ್ತಿ?" ಎಂದು ಕೇಳಿದರು, ಮೊದಲ ಸಲ ಏಕವಚನದಲ್ಲಿ. ಮೈಸೂರಲ್ಲಿ ಸಾರು ಬಡಿಸುತ್ತಾ ಅಮ್ಮ ಕೇಳಿದಳು: "ಯಾವತ್ತು ಹೋಗ್ತೀಯಾ?"

ಇಬ್ಬರಿಗೂ ಒಂದೇ ತಾರೀಖು ಹೇಳಿದೆ. ಕಾಕು ನಕ್ಕಿದ್ದರು. ಅಮ್ಮನ ಮುಖ ಬಾಡಿತು.